ಗಡಿ ಊರಿಗೆ ಉದ್ದಿಮೆ ಬರಬೇಕಾದರೆ ಮೊದಲು ಗೇಟಿನ ಬಳಿ ಕುಳಿತು ಎಣಿಸಿ

ಪ್ರಶ್ನೆ: ನಮ್ಮದು ಗಡಿಗೆ ಅಂಟಿಕೊಂಡ ಪುಟ್ಟ ಊರು, ಜನ ಆರು ಸಾವಿರದೊಳಗೆ. ಇದ್ದ ಒಂದೇ ಕಾರ್ಖಾನೆ ಮುಚ್ಚಿ ಎಂಟು ವರ್ಷವಾಯಿತು. ಓದಿದ ಹುಡುಗ ಹುಡುಗಿಯರು ಗಡಿಯಾಚೆಗೋ ನಗರಕ್ಕೋ ಹೋಗುತ್ತಿದ್ದಾರೆ. ಊರ ಹೊರಗೆ ಕೈಗಾರಿಕಾ ಬಡಾವಣೆ ಮಾಡಿ ನಾಲ್ಕು ವರ್ಷವಾದರೂ ಅಲ್ಲಿ ಹುಲ್ಲು ಬೆಳೆದಿದೆಯೇ ಹೊರತು ಒಂದು ಶೆಡ್ ಎದ್ದಿಲ್ಲ. ಬರುವ ಕಂಪನಿಗಳಿಗೆ ಹತ್ತು ವರ್ಷ ತೆರಿಗೆ ವಿನಾಯಿತಿ ಕೊಡೋಣವೆಂದು ನಮ್ಮ ಆಡಳಿತ ಮಂಡಳಿಯಲ್ಲಿ ಚರ್ಚೆ ನಡೆದಿದೆ. ಈ ನಡುವೆ ದೂರದ ಕಂಪನಿಯೊಂದು, 40 ಎಕರೆ ಉಚಿತವಾಗಿ ಕೊಟ್ಟರೆ 600 ಜನರಿಗೆ ಕೆಲಸ ಕೊಡುತ್ತೇವೆ, ತಿಂಗಳೊಳಗೆ ಉತ್ತರ ಬೇಕು ಎಂದು ಬರೆದಿದೆ. ಉದ್ದಿಮೆಗಳನ್ನು ನಮ್ಮ ಊರಿಗೆ ಕರೆತರುವುದು ಹೇಗೆ? ಈ ಕಂಪನಿಗೆ ಏನೆಂದು ಉತ್ತರಿಸಬೇಕು?
— ಸ್ಥಳೀಯ ಆಡಳಿತ ಮಂಡಳಿಯ ಸದಸ್ಯೆ

ಉತ್ತರ: ನಿಮ್ಮ ಪತ್ರದಲ್ಲಿ ಬಡಾವಣೆಯ ಮಾತಿದೆ, ತೆರಿಗೆ ವಿನಾಯಿತಿಯ ಮಾತಿದೆ, ಎಕರೆಗಳ ಲೆಕ್ಕವಿದೆ. ಗಡಿಯ ಬಗ್ಗೆ ಇರುವುದು ಒಂದೇ ಮಾತು, ಮಕ್ಕಳು ಅದನ್ನು ದಾಟಿ ಹೋಗುತ್ತಿದ್ದಾರೆ ಎಂಬುದು. ಸಣ್ಣ ಊರುಗಳ ಆಡಳಿತದವರ ಜೊತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದ್ದೇನೆ. ಗಡಿ ಊರಿನವರು ಗಡಿಯನ್ನು ತಮ್ಮ ಕಷ್ಟಗಳ ಪಟ್ಟಿಯಲ್ಲೇ ಬರೆದುಕೊಂಡಿರುವುದನ್ನು ಕಂಡಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಅಗ್ಗದ ಜಮೀನು ಸಾವಿರಾರು ಊರುಗಳಲ್ಲಿದೆ. ತೆರಿಗೆ ವಿನಾಯಿತಿಯನ್ನು ಯಾರು ಬೇಕಾದರೂ ಘೋಷಿಸಬಹುದು. ಬೇರೆಯವರ ಬಳಿ ಇಲ್ಲದ, ನಿಮ್ಮ ಬಳಿ ಮಾತ್ರ ಇರುವ ವಸ್ತು ಆ ಗೆರೆ. ಅದು ಯಾರಿಗೆ ದಿನವೂ ತಲೆನೋವಾಗಿದೆಯೋ ಅವರೇ ನಿಮ್ಮ ಊರಿಗೆ ಬರುವ ಉದ್ದಿಮೆದಾರರು. ಮುಂದೆ ಹೇಳುವುದೆಲ್ಲ ಅವರನ್ನು ಹುಡುಕುವ ಬಗೆ, ಬಂದವರನ್ನು ಉಳಿಸಿಕೊಳ್ಳುವ ಬಗೆ.

ಮೊದಲು ಒಂದು ಕಹಿ ಮಾತು. ನಡೆಯುತ್ತಿರುವ ಉದ್ದಿಮೆಯೊಂದು ಊರು ಬದಲಿಸುವುದು ಅಪರೂಪ. ಯಂತ್ರ ಬಿಚ್ಚಿ ಮತ್ತೆ ಜೋಡಿಸಬೇಕು, ಗಿರಾಕಿಗಳಿಗೆ ತೊಂದರೆಯಾಗಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಕೈ ಪಳಗಿದ ಕೆಲಸಗಾರರನ್ನು ಕಳೆದುಕೊಳ್ಳಬಾರದು. ಆದ್ದರಿಂದ ಜಾಗ ಬದಲಿಸುವವರೂ ಹೆಚ್ಚಾಗಿ ಹತ್ತಿರಕ್ಕೇ ಬದಲಿಸುತ್ತಾರೆ, ಹಳೆಯ ಕೆಲಸಗಾರರು ದಿನವೂ ಬಂದುಹೋಗುವಷ್ಟು ದೂರಕ್ಕೆ. ಬಾಡಿಗೆ ಕಟ್ಟಡ ಕೈತಪ್ಪುತ್ತದೆ, ಇರುವ ಶೆಡ್ ಸಾಲದಾಗುತ್ತದೆ, ಸುತ್ತ ಮನೆಗಳೆದ್ದು ಸದ್ದಿನ ದೂರು ಶುರುವಾಗುತ್ತದೆ. ಕಾರಣಗಳು ಇಷ್ಟು ಸಾಮಾನ್ಯ. ಹಾಗಾಗಿ ನೀವು ಹುಡುಕುತ್ತಿರುವ ಕಂಪನಿ ರಾಜಧಾನಿಯಲ್ಲಿ ಇಲ್ಲ, ಹೂಡಿಕೆದಾರರ ಸಮಾವೇಶದಲ್ಲೂ ಇಲ್ಲ. ಅದು ಒಂದು ಗಂಟೆಯ ದಾರಿಯೊಳಗೆ ಎಲ್ಲೋ ಇದೆ. ನಿಮ್ಮ ಊರನ್ನು ನಡುವಿಟ್ಟು ನಕ್ಷೆಯ ಮೇಲೆ ಒಂದು ಗಂಟೆಯ ವೃತ್ತ ಎಳೆದರೆ ಅದರ ಅರ್ಧ ಗಡಿಯಾಚೆಗೆ ಬೀಳುತ್ತದೆ. ಆ ಅರ್ಧವನ್ನು ನಿಮ್ಮ ಮಂಡಳಿ ಇದುವರೆಗೆ ನೋಡಿಯೇ ಇಲ್ಲ.

ತೆರಿಗೆ ವಿನಾಯಿತಿಯ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಇಂಥ ರಿಯಾಯಿತಿಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2018ರಲ್ಲಿ ಒಂದು ಅಂದಾಜು ಕೊಟ್ಟರು. ರಿಯಾಯಿತಿ ಪಡೆದ ನೂರು ಕಂಪನಿಗಳಲ್ಲಿ ಆ ರಿಯಾಯಿತಿಯಿಂದಲೇ ಮನಸ್ಸು ಮಾಡಿದವು 2ರಿಂದ 25 ಮಾತ್ರ. ಉಳಿದವು ಹೇಗಿದ್ದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದವು. ದೊಡ್ಡ ರಾಜ್ಯಗಳು ಈ ನಷ್ಟವನ್ನು ತಡೆದುಕೊಳ್ಳಬಹುದು. ಆರು ಸಾವಿರ ಜನರ ಊರು ಹತ್ತು ವರ್ಷ ತೆರಿಗೆ ಬಿಟ್ಟರೆ ರಸ್ತೆ, ನೀರು, ದೀಪಕ್ಕೆ ಬೇಕಾದ ಹಣವನ್ನೇ ಬಿಟ್ಟಂತೆ. ಬರುವ ಉದ್ದಿಮೆದಾರ ಮೊದಲು ಕೇಳುವುದೂ ಆ ರಸ್ತೆ, ನೀರು, ದೀಪವನ್ನೇ.

ಹಾಗಾದರೆ ಹುಡುಕುವುದು ಹೇಗೆ? ಕೆಲವು ವರ್ಷಗಳ ಹಿಂದೆ ನಿಮ್ಮ ಊರಿನಷ್ಟೇ ಪುಟ್ಟದಾದ ಒಂದು ಗಡಿ ಊರಿನಲ್ಲಿ, ಆಡಳಿತ ಕಚೇರಿಯ ಮಹಿಳೆಯೊಬ್ಬರ ಜೊತೆ ಆರು ದಿನ ಗಡಿ ಗೇಟಿನ ಪಕ್ಕದಲ್ಲಿ ಕುಳಿತಿದ್ದೆ. ಎರಡು ಮಡಚುವ ಕುರ್ಚಿ, ಗೆರೆ ಎಳೆದ ಒಂದು ನೋಟ್‌ಬುಕ್, ಒಂದು ಗಡಿಯಾರ. ಬೆಳಗ್ಗೆ ಗೇಟು ತೆರೆದಾಗಿನಿಂದ ರಾತ್ರಿ ಮುಚ್ಚುವವರೆಗೆ ದಾಟಿದ ಪ್ರತಿಯೊಂದು ಲಾರಿ, ವ್ಯಾನುಗಳನ್ನು ಬರೆದುಕೊಂಡೆವು. ಯಾವ ಬಗೆಯ ವಾಹನ, ಬಾಗಿಲ ಮೇಲೆ ಯಾರ ಹೆಸರು, ತುಂಬಿತ್ತೇ ಖಾಲಿಯೇ, ಎಷ್ಟು ಹೊತ್ತು ನಿಂತಿತು. ಮೂರನೆಯ ದಿನ ಆಕೆ ಪುಟ ಹಿಂದಕ್ಕೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಂದೇ ಬಿಳಿ ವ್ಯಾನು ದಿನಕ್ಕೆ ಎರಡು ಸಲ ಬರುತ್ತಿತ್ತು, ಪ್ರತಿ ಸಲವೂ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುತ್ತಿತ್ತು. ಮರುದಿನ ಆಕೆ ನೇರವಾಗಿ ಚಾಲಕನ ಬಳಿ ಹೋಗಿ ಮಾತನಾಡಿಸಿದರು.

ಅವನು ಆಚೆ ಕಡೆಯ ಪಂಪ್ ರಿಪೇರಿ ಕಂಪನಿಯವನು. ಈಚೆ ಕಡೆ ಅವರಿಗೆ ಹತ್ತಾರು ಗಿರಾಕಿಗಳಿದ್ದರು. ಯಾವ ಬಿಡಿಭಾಗ ಬೇಕಾಗುತ್ತದೆ ಎಂದು ಮೊದಲೇ ಗೊತ್ತಾಗದ ಕಾರಣ ವ್ಯಾನಿನ ತುಂಬ ತರಬೇಕು, ತಂದದ್ದಕ್ಕೆಲ್ಲ ಕಾಗದ ತೋರಿಸಬೇಕು, ಬಳಸದೆ ಉಳಿದದ್ದನ್ನು ಮರಳಿ ಒಯ್ಯುವಾಗ ಮತ್ತೆ ಕಾಗದ. "ಈ ಕಡೆ ಬೀಗ ಹಾಕುವಂಥ ಒಂದು ಕೋಣೆ ಇದ್ದಿದ್ದರೆ ಸಾಕಿತ್ತು" ಎಂದು ಅವನು ಹೇಳಿದ. ಊರಿನವರು ಎಕರೆಗಟ್ಟಲೆ ಜಮೀನು ಕೊಡಲು ತಯಾರಿದ್ದರು, ಇವನಿಗೆ ಬೇಕಾಗಿದ್ದು ಒಂದು ಕೋಣೆ! ಹಳೆಯ ಬಸ್ ಡಿಪೊದ ಒಂದು ಮೂಲೆಯನ್ನು ಗೋಡೆ ಕಟ್ಟಿ ಬಾಡಿಗೆಗೆ ಕೊಟ್ಟರು. ಬಿಡಿಭಾಗಗಳು ಒಟ್ಟಿಗೆ ಒಂದೇ ಕಾಗದದ ಮೇಲೆ ಬಂದು ಅಲ್ಲಿ ಕುಳಿತವು. ಮುಂದಿನ ವರ್ಷ ರಿಪೇರಿ ಬೆಂಚು ಬಂತು. ಅದರ ಮರುವರ್ಷ ಈಚೆ ಕಡೆಯ ಕಾನೂನಿನಡಿ ಬೇರೆ ಕಂಪನಿಯಾಗಿ ನೋಂದಣಿಯಾಯಿತು. ನಾನು ಕಡೆಯ ಸಲ ಹೋದಾಗ ಅಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು, ಅವರಲ್ಲಿ ಒಂಬತ್ತು ಮಂದಿ ಅದೇ ಊರಿನವರು. ಹನ್ನೊಂದು ಸಣ್ಣ ಸಂಖ್ಯೆ ಎನಿಸಿದರೆ ಹೀಗೆ ನೋಡಿ: ಆರು ಸಾವಿರ ಜನರ ಊರಿಗೆ 11 ಕೆಲಸ ಎಂದರೆ ಹತ್ತು ಲಕ್ಷದ ನಗರಕ್ಕೆ 1,800ಕ್ಕೂ ಹೆಚ್ಚು ಕೆಲಸ ಬಂದಂತೆ. ನಗರಕ್ಕೆ ಅಷ್ಟು ಬಂದಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿಯಾಗುತ್ತಿತ್ತು.

ಗೇಟಿನ ಎಣಿಕೆಯಿಂದ ನಿಮಗೆ ಹೆಸರುಗಳು ಸಿಗುತ್ತವೆ. ಆ ಹೆಸರುಗಳ ಹಿಂದೆ ಗಡಿ ಯಾವ ಬಗೆಯ ವ್ಯತ್ಯಾಸವನ್ನು ಹುಟ್ಟಿಸಿದೆ ಎಂದು ತಿಳಿಯುವುದು ಮುಂದಿನ ಕೆಲಸ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಎಲ್ಲ ವ್ಯತ್ಯಾಸಗಳೂ ಒಂದೇ ಬಾಳಿಕೆಯವಲ್ಲ. ಬೆಲೆಯ ವ್ಯತ್ಯಾಸ ಕಣ್ಣಿಗೆ ಬೇಗ ಬೀಳುತ್ತದೆ, ಅಷ್ಟೇ ಬೇಗ ಕರಗುತ್ತದೆ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋಗೆ ಕನಿಷ್ಠ 1.20 ಫ್ರಾಂಕ್ ಎಂಬ ತನ್ನ ಮಿತಿಯನ್ನು ದಿಢೀರನೆ ಕೈಬಿಟ್ಟಿತು. ಫ್ರಾಂಕಿನ ಬೆಲೆ ಏರಿತು, ಯೂರೋ ಬೆಲೆಯ ಸರಕು ಅವರಿಗೆ ಅಗ್ಗವಾಯಿತು, ಸ್ವಿಸ್ ಗಿರಾಕಿಗಳು ಜರ್ಮನಿಯ ಕಾನ್‌ಸ್ಟಾನ್ಸ್‌ನಂಥ ಗಡಿ ಊರುಗಳ ಅಂಗಡಿಗಳಿಗೆ ಮುಗಿಬಿದ್ದರು, ಸ್ವಿಸ್ ಕಡೆಯ ಅಂಗಡಿಯವರು ಗಿರಾಕಿಗಳನ್ನು ಕಳೆದುಕೊಂಡರು. ಯಾರ ತಪ್ಪೂ ಇರಲಿಲ್ಲ.

ಕಾಗದಪತ್ರದ ವ್ಯತ್ಯಾಸ ಹೆಚ್ಚು ಕಾಲ ಬಾಳುತ್ತದೆ, ಆದರೆ ಅದೂ ಶಾಶ್ವತವಲ್ಲ. 1993ರ ಜನವರಿ 1ರಂದು ಯೂರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದಾಗ ಸದಸ್ಯ ದೇಶಗಳ ನಡುವಿನ ಕಸ್ಟಮ್ಸ್ ತಪಾಸಣೆ ನಿಂತಿತು. ಸರಕಿನ ಕಸ್ಟಮ್ಸ್ ಕಾಗದ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟರ ಕಚೇರಿಗಳನ್ನು ನೆಚ್ಚಿಕೊಂಡಿದ್ದ ಗಡಿ ಊರುಗಳಲ್ಲಿ ಸಾವಿರಾರು ಕೆಲಸಗಳು ಹೋದವು. ಎಲ್ಲಕ್ಕಿಂತ ಗಟ್ಟಿಯಾದದ್ದು ಜನರ ಒಳಗಿನ ವ್ಯತ್ಯಾಸ ಮತ್ತು ನಂಟು. ಎರಡೂ ಕಡೆಯ ಭಾಷೆ ಬಲ್ಲವರು, ಎರಡೂ ಕಡೆ ನೆಂಟರಿರುವವರು, ಆಚೆ ಕಡೆಯ ವ್ಯವಹಾರದ ರೀತಿ ಗೊತ್ತಿರುವವರು ನಿಮ್ಮ ಊರಿನಲ್ಲಿ ಮನೆಮನೆಯಲ್ಲೂ ಇದ್ದಾರೆ. ಯಾವ ಸರ್ಕಾರದ ಆದೇಶವೂ ಅದನ್ನು ಒಂದು ರಾತ್ರಿಯಲ್ಲಿ ಅಳಿಸಲಾರದು. ಆಚೆ ಕಡೆಯ ಗಿರಾಕಿಗಳಿಗೆ ಫೋನಿನಲ್ಲಿ ಉತ್ತರ ಕೊಡುವ ಕಚೇರಿ, ಎರಡೂ ಕಡೆಯ ಲೆಕ್ಕಪತ್ರ ನೋಡುವ ಸಂಸ್ಥೆ, ಯಂತ್ರಗಳನ್ನು ಅಳವಡಿಸಿ ನಿಗಾ ಇಡುವ ಸೇವೆ — ಇಂಥವಕ್ಕೆ ನಿಮ್ಮಷ್ಟು ಒಳ್ಳೆಯ ಜಾಗ ನಗರದಲ್ಲೂ ಸಿಗುವುದಿಲ್ಲ. ನಗರಕ್ಕೆ ಹೋಗುತ್ತಿರುವ ಆ ಹುಡುಗ ಹುಡುಗಿಯರೇ ಇದರ ಬಂಡವಾಳ ಎನ್ನುವುದನ್ನು ಮರೆಯಬೇಡಿ.

ಈಗ ಒಂದು ನಿಜವಾದ ಊರಿನ ಕಥೆ. ಸ್ವೀಡನ್ನಿನ ಉತ್ತರದ ಅಂಚಿನಲ್ಲಿ, ಫಿನ್‌ಲೆಂಡಿನ ಗಡಿಗೆ ತಾಗಿಕೊಂಡು ಹಾಪರಂಡಾ ಎಂಬ ಊರಿದೆ. 1809ರಲ್ಲಿ ಸ್ವೀಡನ್ ಫಿನ್‌ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಾಗ ಅಲ್ಲಿನ ವ್ಯಾಪಾರದ ಊರಾಗಿದ್ದ ಟೋರ್ನಿಯೊ ಗಡಿಯಾಚೆಗೆ ಹೋಯಿತು. ಅದರ ಬದಲಿಗೆ ಈಚೆ ಕಡೆ ಬೆಳೆದದ್ದು ಹಾಪರಂಡಾ. ಸುತ್ತಲ ಹಳ್ಳಿಗಳೂ ಸೇರಿ ಅದರ ಆಡಳಿತ ವ್ಯಾಪ್ತಿಯಲ್ಲಿ ಇರುವವರು ಸುಮಾರು 10,000 ಜನ. ಎರಡು ಊರುಗಳ ನಡುವೆ ಒಂದು ಗಂಟೆಯ ಕಾಲವ್ಯತ್ಯಾಸ, ಬೇರೆ ಬೇರೆ ನಾಣ್ಯ, ರೈಲು ಹಳಿಗಳ ಅಗಲವೂ ಬೇರೆ. ಈ ಶತಮಾನದ ಆರಂಭದಲ್ಲಿ ನಿರುದ್ಯೋಗ, ವಲಸೆ ಎರಡೂ ಅಲ್ಲಿ ನಿಮ್ಮ ಊರಿನಂತೆಯೇ ಇದ್ದವು. ಆಗ ಊರಿನ ಆಡಳಿತದ ಮುಖ್ಯಸ್ಥರಾಗಿದ್ದವರು ಸ್ವೆನ್-ಎರಿಕ್ ಬುಕ್ಟ್. ಅವರು ಪೀಠೋಪಕರಣಗಳ ಕಂಪನಿ ಐಕಿಯಾದ ಸ್ಥಾಪಕ ಇಂಗ್ವಾರ್ ಕಾಂಪ್ರಾಡ್ ಅವರನ್ನೇ ಸಂಪರ್ಕಿಸಿ ಒಲಿಸಿದರು. 2006ರ ನವೆಂಬರಿನಲ್ಲಿ ಹಾಪರಂಡಾದಲ್ಲಿ ಐಕಿಯಾ ಮಳಿಗೆ ತೆರೆಯಿತು.

ಹತ್ತು ಸಾವಿರ ಜನರಿಗಾಗಿ ಯಾರೂ ಅಂಥ ಮಳಿಗೆ ಕಟ್ಟುವುದಿಲ್ಲ. ಸ್ವೀಡನ್ನಿನ ನಕ್ಷೆಯಲ್ಲಿ ಹಾಪರಂಡಾ ದೇಶದ ಕೊನೆ, ಅದರಾಚೆಗೆ ಏನೂ ಇಲ್ಲ. ಅದನ್ನೇ ನಡುವಿಟ್ಟು ವೃತ್ತ ಎಳೆದರೆ ಉತ್ತರ ಸ್ವೀಡನ್, ಉತ್ತರ ಫಿನ್‌ಲೆಂಡ್, ನಾರ್ವೆಯ ಅಂಚು, ರಷ್ಯಾದ ಮುರ್ಮಾನ್ಸ್ಕ್ ಕಡೆಯ ಜನರೂ ಆಗ ಒಳಗೆ ಬರುತ್ತಿದ್ದರು. ದೂರ ಹೆಚ್ಚಾದರೂ ಆ ಕಡೆಯವರಿಗೆ ಇನ್ನಾವ ಐಕಿಯಾ ಮಳಿಗೆಯೂ ಹತ್ತಿರದಲ್ಲಿರಲಿಲ್ಲ. ಐಕಿಯಾದ ಬೆನ್ನಿಗೆ ಬೇರೆ ಅಂಗಡಿಗಳೂ ಬಂದವು.

ಆದರೆ ಈ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಮಳಿಗೆಗಿಂತ ಹಿಂದಿನದು. ಹಾಪರಂಡಾ ಮತ್ತು ಟೋರ್ನಿಯೊ ಎರಡೂ ಊರಿನ ಕೊಳಚೆ ನೀರನ್ನು 1970ರ ದಶಕದಿಂದಲೇ ಒಂದೇ ಘಟಕದಲ್ಲಿ ಶುದ್ಧೀಕರಿಸುತ್ತಿವೆ. 1987ರಲ್ಲಿ ಎರಡೂ ಊರುಗಳು ಸೇರಿ ಒಂದು ಜಂಟಿ ಸಂಸ್ಥೆ ಮಾಡಿಕೊಂಡವು. ಅಂದರೆ ದೊಡ್ಡ ಗಿರಾಕಿ ಬಾಗಿಲಿಗೆ ಬರುವ ಹೊತ್ತಿಗೆ ಆ ಎರಡು ಆಡಳಿತಗಳು ಚರಂಡಿಯಂಥ ನೀರಸ ಕೆಲಸಗಳನ್ನು ಒಟ್ಟಿಗೆ ಮಾಡಿ ಮೂವತ್ತು ವರ್ಷಗಳೇ ಆಗಿದ್ದವು. ಉದ್ದಿಮೆದಾರನಿಗೆ ಇದರಷ್ಟು ಭರವಸೆ ಕೊಡುವುದು ಬೇರೊಂದಿಲ್ಲ.

ಗಡಿಯಾಚೆಯ ಊರಿನ ಆಡಳಿತದವರನ್ನು ನೀವು ಕೊನೆಯ ಸಲ ಭೇಟಿಯಾದದ್ದು ಯಾವಾಗ? ನಾನು ಈ ಪ್ರಶ್ನೆ ಕೇಳಿದಾಗ ಹೆಚ್ಚಿನ ಸಭೆಗಳಲ್ಲಿ ಮೌನವೇ ಉತ್ತರ. ಆಚೆಯವರನ್ನು ಎದುರಾಳಿ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ಸಿಟಿ ಸಾಕ್ಷಿ. ಆ ಮಹಾನಗರ ಪ್ರದೇಶದ ನಡುವೆಯೇ ಕ್ಯಾನ್ಸಸ್ ಮತ್ತು ಮಿಸೌರಿ ರಾಜ್ಯಗಳ ಗಡಿ ಹಾದುಹೋಗುತ್ತದೆ. ವರ್ಷಗಟ್ಟಲೆ ಎರಡೂ ರಾಜ್ಯಗಳು ತೆರಿಗೆ ರಿಯಾಯಿತಿ ಕೊಟ್ಟು ಒಬ್ಬರ ಕಂಪನಿಯನ್ನು ಇನ್ನೊಬ್ಬರು ಕೆಲವೇ ಮೈಲಿ ಆಚೆಗೆ ಎಳೆದುಕೊಂಡರು. ಕೆಲಸಗಾರರು ಅವರೇ, ಮನೆಗಳು ಅವೇ, ಬೆಳಗ್ಗೆ ಕಾರು ತಿರುಗಿಸುವ ದಿಕ್ಕು ಮಾತ್ರ ಬೇರೆ. ಕೊನೆಗೆ 2019ರಲ್ಲಿ ಎರಡೂ ಕಡೆಯವರು ಕದನವಿರಾಮಕ್ಕೆ ಒಪ್ಪಿದರು.

ನಿಮ್ಮದು ದೇಶದ ಗಡಿಯೇ, ರಾಜ್ಯದ ಗಡಿಯೇ ಎಂದು ನೀವು ಬರೆದಿಲ್ಲ. ರಾಜ್ಯದ ಗಡಿಯಾಗಿದ್ದರೆ ಕೆನಡಾದ ಲಾಯ್ಡ್‌ಮಿನ್‌ಸ್ಟರನ್ನು ಗಮನಿಸಿ. 1903ರಲ್ಲಿ ವಲಸಿಗರು ಕಟ್ಟಿದ ಊರು ಅದು. 1905ರಲ್ಲಿ ಆಲ್ಬರ್ಟಾ, ಸಸ್ಕ್ಯಾಚೆವಾನ್ ಪ್ರಾಂತಗಳು ಹುಟ್ಟಿದಾಗ ಗಡಿರೇಖೆ ಊರಿನ ನಡುವೆಯೇ ಹಾಯಿತು. ಒಂದೇ ಊರಿಗೆ ಎರಡು ಆಡಳಿತ. 1930ರಲ್ಲಿ ಅವೆರಡೂ ಒಂದಾದವು. ಆಲ್ಬರ್ಟಾದಲ್ಲಿ ಪ್ರಾಂತೀಯ ಮಾರಾಟ ತೆರಿಗೆಯಿಲ್ಲ, ಸಸ್ಕ್ಯಾಚೆವಾನ್‌ನಲ್ಲಿ ಇದೆ. ರಸ್ತೆಯ ಈಚೆಯ ಅಂಗಡಿಗಳು ನೆಲಕಚ್ಚಬಾರದೆಂದು ಸಸ್ಕ್ಯಾಚೆವಾನ್ ತನ್ನ ಕಡೆಯ ಲಾಯ್ಡ್‌ಮಿನ್‌ಸ್ಟರಿನಲ್ಲಿ ಸಾಮಾನ್ಯ ಖರೀದಿಗೆ ಆ ತೆರಿಗೆಯನ್ನು ಬಿಟ್ಟಿದೆ. ಅಮೆರಿಕದಲ್ಲಿ ಟೆಕ್ಸಸ್, ಅರ್ಕಾನ್ಸಾ ರಾಜ್ಯಗಳ ಗಡಿಯ ಮೇಲಿರುವ ಟೆಕ್ಸರ್ಕಾನಾದಲ್ಲೂ ಹೀಗೆಯೇ. ಟೆಕ್ಸಸ್ ಕಡೆ ವೈಯಕ್ತಿಕ ಆದಾಯ ತೆರಿಗೆಯಿಲ್ಲದ ಕಾರಣ ಅರ್ಕಾನ್ಸಾ ತನ್ನ ಕಡೆಯ ಟೆಕ್ಸರ್ಕಾನಾ ನಿವಾಸಿಗಳಿಗೂ ರಾಜ್ಯದ ಆದಾಯ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಈ ಎರಡೂ ಊರುಗಳಲ್ಲಿ ತೆರಿಗೆ ಬಿಟ್ಟದ್ದು ಮೇಲಿನ ಸರ್ಕಾರ, ಊರಲ್ಲ. ವಿನಾಯಿತಿ ಬೇಕೆನಿಸಿದರೆ ನಿಮ್ಮ ಖಜಾನೆಯಿಂದ ಕೊಡಬೇಡಿ, ಗಡಿಯಿಂದಾಗುವ ಅನ್ಯಾಯವನ್ನು ಅಂಕಿ ಸಮೇತ ಬರೆದು ಮೇಲಿನಿಂದ ಕೇಳಿ. ಗೇಟಿನ ನೋಟ್‌ಬುಕ್ ಆಗಲೂ ಕೆಲಸಕ್ಕೆ ಬರುತ್ತದೆ.

ದೇಶದ ಗಡಿಯಾಗಿದ್ದರೆ ಮೊದಲು ಕೇಳಬೇಕಾದದ್ದು ಗೇಟಿನ ಸಮಯ. ಸಂಜೆ ಆರಕ್ಕೆ ಮುಚ್ಚುವ ಗೇಟು ಎಂಟರವರೆಗೆ ತೆರೆದಿದ್ದರೆ ಸಾಗಣೆದಾರನಿಗೆ ದಿನಕ್ಕೆ ಇನ್ನೊಂದು ಸುತ್ತು ಸಿಗುತ್ತದೆ. ಅವನ ಲೆಕ್ಕದಲ್ಲಿ ಅದು ಹತ್ತು ವರ್ಷದ ತೆರಿಗೆ ವಿನಾಯಿತಿಗಿಂತ ದೊಡ್ಡದು. ಎರಡೂ ಊರುಗಳು ಒಂದೇ ಪತ್ರಕ್ಕೆ ಸಹಿ ಹಾಕಿ ಕೇಳಿದರೆ ಆ ಬೇಡಿಕೆಗೆ ತೂಕ ಬರುತ್ತದೆ. ಎರಡನೆಯದು, ಗಡಿ ದಾಟಿ ಕೆಲಸ ಮಾಡುವವರ ನಿಯಮಗಳು. ಯೂರೋಪಿಯನ್ ಒಕ್ಕೂಟದಲ್ಲಿ ಒಬ್ಬ ನೌಕರ ಗಡಿಯಾಚೆಯ ಕಂಪನಿಗೆ ದುಡಿಯುತ್ತ ತನ್ನ ಕೆಲಸದ ಶೇಕಡ 25 ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ಮನೆಯಿರುವ ದೇಶದಲ್ಲೇ ಮಾಡಿದರೆ ಅವನ ಸಾಮಾಜಿಕ ಭದ್ರತೆಯ ಕಂತು ಆ ದೇಶಕ್ಕೆ ಹೋಗುತ್ತದೆ. ಮನೆಯಿಂದ ಕೆಲಸ ಮಾಡುವುದು ಹೆಚ್ಚಿದ ಮೇಲೆ ಹಲವು ದೇಶಗಳು ಒಪ್ಪಂದ ಮಾಡಿಕೊಂಡು, 2023ರ ಜುಲೈ 1ರಿಂದ, ಮನೆಯಿಂದ ಮಾಡುವ ಕೆಲಸ ಶೇಕಡ 50ಕ್ಕಿಂತ ಕಡಿಮೆ ಇರುವವರೆಗೆ ಕಂತು ಕಂಪನಿಯ ದೇಶದಲ್ಲೇ ಉಳಿಯಬಹುದು ಎಂದು ಅದನ್ನು ಸಡಿಲಿಸಿದವು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸವೋ ಮೂರು ದಿನವೋ ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ಸಣ್ಣ ಕಂಪನಿ ಎಲ್ಲಿ ಕಚೇರಿ ಇಡಬೇಕೆಂದು ತೀರ್ಮಾನಿಸುವುದುಂಟು. ನಿಮ್ಮ ಗಡಿಯ ಇಂಥ ನಿಯಮಗಳನ್ನು ಎರಡು ಪುಟದಲ್ಲಿ, ಎರಡೂ ಕಡೆಯ ಭಾಷೆಯಲ್ಲಿ, ಬಲ್ಲವರಿಂದ ಬರೆಯಿಸಿ ಇಡಿ. ಬಣ್ಣದ ಕರಪತ್ರಕ್ಕೆ ಹಾಕುವ ಹಣವನ್ನು ಇದಕ್ಕೆ ಹಾಕಿ.

ಗಡಿಯನ್ನು ನೆಚ್ಚುವುದರ ಅಪಾಯವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಸೇರಿದ ಪಾಯಿಂಟ್ ರಾಬರ್ಟ್ಸ್ ಎಂಬ ಊರಿನಲ್ಲಿ ಸುಮಾರು 1,200 ಜನರಿದ್ದಾರೆ. ಅಲ್ಲಿಗೆ ಭೂಮಾರ್ಗದಲ್ಲಿ ಹೋಗಬೇಕಾದರೆ ಕೆನಡಾ ದಾಟಿಯೇ ಹೋಗಬೇಕು. ಅಮೆರಿಕದ ವಿಳಾಸಕ್ಕೆ ತರಿಸಿದ ಪಾರ್ಸೆಲ್‌ಗಳನ್ನು ಕೆನಡಾದವರು ಬಂದು ಒಯ್ಯುವುದು, ಪೆಟ್ರೋಲ್ ತುಂಬಿಸಿಕೊಳ್ಳುವುದು, ಅಲ್ಲಿನ ತಮ್ಮ ರಜೆಯ ಮನೆಗಳಿಗೆ ಬರುವುದು — ಊರಿನ ವ್ಯಾಪಾರವೆಲ್ಲ ಇವುಗಳ ಮೇಲೆ ನಿಂತಿತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿತು. ಕೆನಡಾದ ಗಿರಾಕಿಗಳಿಗೆ ಅದು ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ಅದೇ 2020ರಲ್ಲಿ ಹಾಪರಂಡಾ ಮತ್ತು ಟೋರ್ನಿಯೊ ನಡುವಿನ ಗಡಿಯಲ್ಲೂ ಓಡಾಟಕ್ಕೆ ತಡೆ ಬಿತ್ತು. ಹಾಗಾಗಿ ನಾನು ಊರುಗಳಿಗೆ ಹೇಳುವ ಲೆಕ್ಕ ಇದು: ಬರುವ ಪ್ರತಿ ಉದ್ದಿಮೆಯ ಎದುರು "ಗೇಟು ಆರು ತಿಂಗಳು ಮುಚ್ಚಿದರೆ ಇದು ಉಳಿಯುತ್ತದೆಯೇ" ಎಂದು ಬರೆಯಿರಿ. ಉಳಿಯದ ಉದ್ದಿಮೆಯೂ ಬರಲಿ, ಆದರೆ ಊರಿನ ಒಟ್ಟು ಕೆಲಸಗಳಲ್ಲಿ ಅಂಥವುಗಳ ಪಾಲು ಅರ್ಧ ದಾಟದಿರಲಿ.

ಇನ್ನು ನಿಮ್ಮ ಖಾಲಿ ಬಡಾವಣೆ. ನಿವೇಶನಗಳನ್ನು ದೊಡ್ಡದಾಗಿ ಕತ್ತರಿಸಿದ್ದೀರಿ ಎಂದು ಊಹಿಸುತ್ತೇನೆ, ಎಲ್ಲರೂ ಹಾಗೆಯೇ ಮಾಡುತ್ತಾರೆ. ಸಣ್ಣ ಉದ್ದಿಮೆದಾರನಿಗೆ ಜಮೀನು ಬೇಡ. ಅವನಿಗೆ ಬೇಕಾದದ್ದು ಛಾವಣಿ, ತ್ರೀ ಫೇಸ್ ವಿದ್ಯುತ್, ಲಾರಿ ಹಿಂದೆ ಬರುವಷ್ಟು ಜಾಗ, ಬಾಡಿಗೆ ಕರಾರು. ಮುಚ್ಚಿದ ಕಾರ್ಖಾನೆಯ ಕಟ್ಟಡ ಗಟ್ಟಿಯಾಗಿದ್ದರೆ ಅದರಲ್ಲೇ ಆರೆಂಟು ಭಾಗ ಮಾಡಿ. ಒಂದೊಂದಕ್ಕೂ ಬೇರೆ ಮೀಟರು, ಬೇರೆ ಬಾಗಿಲು. ಜಮೀನನ್ನು ಮಾರಲೇಬೇಕಾದರೆ ಎರಡು ವರ್ಷದೊಳಗೆ ಕಟ್ಟಡ ಏಳದಿದ್ದರೆ ಕೊಟ್ಟ ಬೆಲೆಗೇ ಊರಿಗೆ ಮರಳಬೇಕು ಎಂಬ ಷರತ್ತು ಪತ್ರದಲ್ಲಿ ಇರಲಿ. ಇಲ್ಲದಿದ್ದರೆ ಬೆಲೆ ಏರಲೆಂದು ಕಾಯುವವರು ಕೊಂಡು ಬೇಲಿ ಹಾಕಿ ಕೂರುತ್ತಾರೆ.

ಮನೆಗಳ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ, ಅದೇ ನನಗೆ ಹೆಚ್ಚು ಚಿಂತೆ. ಪ್ಲಾಸ್ಟಿಕ್ ಅಚ್ಚು ಮಾಡುವ ಒಬ್ಬ ಉದ್ದಿಮೆದಾರರನ್ನು ಒಮ್ಮೆ ಒಂದು ಊರಿಗೆ ಕರೆದುಕೊಂಡು ಹೋಗಿದ್ದೆ. ಶೆಡ್ ಅವರಿಗೆ ಹಿಡಿಸಿತು. ಟ್ರಾನ್ಸ್‌ಫಾರ್ಮರ್ ಮುಂದೆ ನಿಂತು ಅದರ ಮೇಲಿನ ಫಲಕವನ್ನು ಓದಿಕೊಂಡರು, ತಲೆಯಾಡಿಸಿದರು. ಜೊತೆಯಲ್ಲಿದ್ದ ಅವರ ಪತ್ನಿ ಮಾತ್ರ ಏನೂ ಹೇಳದೆ ಶಾಲೆಯ ಕಡೆ ನಡೆದುಕೊಂಡು ಹೋಗಿ, ಬಾಗಿಲಲ್ಲಿ ಸಿಕ್ಕ ಶಿಕ್ಷಕಿಯ ಜೊತೆ ಹದಿನೈದು ನಿಮಿಷ ಮಾತನಾಡಿ ಬಂದರು. ಕಾರು ಹತ್ತುವ ಮುಂಚೆ ಆಕೆ ಕೇಳಿದ್ದು ಒಂದೇ: "ನಮ್ಮ ಮೇಸ್ತ್ರಿಗಳು ಮೂವರು ಸಂಸಾರ ಸಮೇತ ಬರುತ್ತಾರೆ. ಅವರಿಗೆ ಬಾಡಿಗೆ ಮನೆ ಎಲ್ಲಿದೆ?" ಊರಿನಲ್ಲಿ ಬೀಗ ಹಾಕಿದ ಮನೆಗಳು ಮೂವತ್ತಕ್ಕೂ ಹೆಚ್ಚಿದ್ದವು, ಬಾಡಿಗೆಗೆ ಒಂದೂ ಇರಲಿಲ್ಲ. ಅವರು ಬರಲಿಲ್ಲ. ಊರು ಬಿಟ್ಟುಹೋದವರ ಆ ಮನೆಗಳ ಮಾಲೀಕರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಬಾಡಿಗೆಗೆ ಕೊಡಲು ಒಪ್ಪಿಸುವ ಕೆಲಸವನ್ನು ನಿಮ್ಮ ಮಂಡಳಿ ಈ ವರ್ಷವೇ ಮಾಡಬೇಕು. ಹಾಗೆ ಫೋನ್ ಮಾಡುವಾಗ ಇನ್ನೊಂದು ಮಾತನ್ನೂ ಕೇಳಿ. ಅವರಲ್ಲಿ ಕೆಲವರು ಹೊರಗೆ ಸ್ವಂತ ಉದ್ದಿಮೆ ನಡೆಸುತ್ತಿರುತ್ತಾರೆ, ಊರಿಗೆ ಬರಲು ಒಂದು ನೆಪ ಹುಡುಕುತ್ತಿರುತ್ತಾರೆ.

ಯಾರೂ ಗಮನಿಸದ ಇನ್ನೊಂದು ದಾರಿಯಿದೆ. ಊರಿನಲ್ಲಿ ಈಗಾಗಲೇ ಇರುವ ಉದ್ದಿಮೆಗಳ ಮಾಲೀಕರ ವಯಸ್ಸು ಎಷ್ಟು? ವೆಲ್ಡಿಂಗ್ ಕಾರ್ಯಾಗಾರ, ಮುದ್ರಣಾಲಯ, ಮರದ ಕೆಲಸದ ಶೆಡ್ — ಎಷ್ಟರಲ್ಲಿ ಮುಂದೆ ನಡೆಸುವವರಿದ್ದಾರೆ? ಗಿರಾಕಿ, ಯಂತ್ರ, ಕೆಲಸಗಾರ ಎಲ್ಲವೂ ಇದ್ದು ವಾರಸುದಾರ ಮಾತ್ರ ಇಲ್ಲದ ಉದ್ದಿಮೆ ಮಾಲೀಕನ ಜೊತೆಗೇ ಮುಚ್ಚಿಹೋಗುತ್ತದೆ. ಜಪಾನಿನಲ್ಲಿ ಈ ಸಮಸ್ಯೆ ಎಷ್ಟು ದೊಡ್ಡದೆಂದರೆ ಅಲ್ಲಿ 47 ಪ್ರಾಂತಗಳಲ್ಲೂ ಇಂಥ ಉದ್ದಿಮೆಗಳಿಗೆ ಮುಂದಿನ ಮಾಲೀಕರನ್ನು ಹುಡುಕಿಕೊಡುವ ಸರ್ಕಾರಿ ನೆರವಿನ ಕೇಂದ್ರಗಳಿವೆ. ಹೊರಗಿನಿಂದ ಒಬ್ಬ ಉದ್ದಿಮೆದಾರನನ್ನು ಕರೆತಂದು ಬರಿಯ ಜಮೀನು ತೋರಿಸುವುದಕ್ಕಿಂತ, ನಡೆಯುತ್ತಿರುವ ಕಾರ್ಯಾಗಾರವನ್ನು ಕಂತಿನಲ್ಲಿ ಕೊಳ್ಳುವ ದಾರಿ ಮಾಡಿಕೊಡುವುದು ಸುಲಭ. ಗಡಿಯಾಚೆಯ ಅದೇ ಕಸುಬಿನವನು ಈಚೆ ಒಂದು ನೆಲೆ ಹುಡುಕುತ್ತಿದ್ದರೆ ಇನ್ನೂ ಸುಲಭ. ನಿಮ್ಮ ಊರಿನ ಅರುವತ್ತು ದಾಟಿದ ಮಾಲೀಕರ ಪಟ್ಟಿ ಮಾಡಲು ಒಂದು ಮಧ್ಯಾಹ್ನ ಸಾಕು.

ಇಷ್ಟೆಲ್ಲ ಮಾಡಲು ಸಮಿತಿ ಬೇಡ, ಒಬ್ಬ ವ್ಯಕ್ತಿ ಬೇಕು. ಎರಡೂ ಭಾಷೆ ಮಾತನಾಡುವ, ಫೋನ್ ಮಾಡಿದರೆ ಎತ್ತುವ, ನೀರಿನ ಸಂಪರ್ಕಕ್ಕೆ ಎಷ್ಟು ದಿನ ಬೇಕೆಂದು ಕೇಳಿದರೆ ಸರಿಯಾದ ಉತ್ತರ ಕೊಟ್ಟು ಆ ದಿನ ತಪ್ಪದಂತೆ ಬೆನ್ನುಹತ್ತುವ ಒಬ್ಬರು. ಮೊದಲ ವರ್ಷ ಹೊಸದೇನೂ ಬರದೇ ಇರಬಹುದು. ನಾನು ಕಂಡಂತೆ ಫಲ ಕಾಣಲು ಎರಡರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಚುನಾವಣೆ ಬಂತೆಂದು ನಡುವೆ ಅವರನ್ನು ಬದಲಿಸಬೇಡಿ.

ಕೊನೆಗೆ ಆ 40 ಎಕರೆಯ ಪತ್ರ. ಆರು ಸಾವಿರ ಜನರಲ್ಲಿ ಮಕ್ಕಳು, ವೃದ್ಧರು, ಈಗಾಗಲೇ ಕೆಲಸದಲ್ಲಿರುವವರನ್ನು ಕಳೆದರೆ ಕೆಲಸ ಹುಡುಕುತ್ತಿರುವವರು ಎಷ್ಟು ಉಳಿಯುತ್ತಾರೆ? ಆರುನೂರು ಉಳಿಯುವುದಿಲ್ಲ. ಹಾಗಾದರೆ ಆ 600 ಜನ ಎಲ್ಲಿಂದ ಬರುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಕಂಪನಿ ಹೇಳಿಲ್ಲ. ದೊಡ್ಡವರೂ ಇಂಥ ಸಂಖ್ಯೆಗೆ ಸೋತಿದ್ದಾರೆ. 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬಲ್ಲಿ 1,000 ಕೋಟಿ ಡಾಲರ್ ಹೂಡಿಕೆ, 13,000 ಕೆಲಸ ಎಂದು ಘೋಷಿಸಿತು. ಸ್ಥಳೀಯ ಆಡಳಿತ ಜಮೀನು ಒಟ್ಟುಗೂಡಿಸಿತು, ಜನ ಮನೆ ಬಿಟ್ಟರು. 2021ರಲ್ಲಿ ತಿದ್ದಿದ ಒಪ್ಪಂದದಲ್ಲಿ ಉಳಿದದ್ದು 67.2 ಕೋಟಿ ಡಾಲರ್ ಹೂಡಿಕೆ, 1,454 ಕೆಲಸ.

ಆದರೂ ಬೇಡವೆಂದು ಬರೆಯಬೇಡಿ. ಮರ್ಯಾದೆಯಿಂದ, ತಡಮಾಡದೆ ಹೀಗೆ ಬರೆಯಿರಿ: ನಿಮ್ಮ ಆಸಕ್ತಿಗೆ ಸಂತೋಷ. ಮೊದಲ ಹಂತಕ್ಕೆ 5 ಎಕರೆಯನ್ನು ಗುತ್ತಿಗೆಗೆ ಕೊಡುತ್ತೇವೆ. 60 ಜನ ಒಂದು ವರ್ಷ ಕೆಲಸ ಮಾಡಿದ ಮೇಲೆ ಮುಂದಿನ ಜಾಗದ ಮೇಲೆ ನಿಮಗೇ ಮೊದಲ ಹಕ್ಕು. ಕಳೆದ ಮೂರು ವರ್ಷದ ಲೆಕ್ಕಪತ್ರ, ಬೇಕಾಗುವ ವಿದ್ಯುತ್ ಮತ್ತು ನೀರಿನ ಪ್ರಮಾಣ, ಹೊರಹೋಗುವ ತ್ಯಾಜ್ಯದ ವಿವರ, ಈಗಿನ ಗಿರಾಕಿಗಳು ಯಾವ ಕಡೆಯವರು ಎಂಬ ಮಾಹಿತಿ ಕಳುಹಿಸಿ. ಕೆಲಸದ ಸಂಖ್ಯೆ ಈಡೇರದಿದ್ದರೆ ಊರು ಮಾಡಿದ ಖರ್ಚನ್ನು ಮರಳಿಸುವ ಷರತ್ತಿಗೆ ಒಪ್ಪಿಗೆ ತಿಳಿಸಿ. ಇದೇ ಪತ್ರವನ್ನು ಅವರು ಅಕ್ಕಪಕ್ಕದ ಎಷ್ಟು ಊರುಗಳಿಗೆ ಬರೆದಿದ್ದಾರೆ ಎಂದು ನೀವೇ ಆ ಊರುಗಳಿಗೆ ಫೋನ್ ಮಾಡಿ ಕೇಳಿ, ಗಡಿಯಾಚೆಯ ಊರಿಗೂ ಕೇಳಿ. ನಿಜವಾದ ಉದ್ದಿಮೆದಾರ ಈ ಪ್ರಶ್ನೆಗಳಿಗೆ ವಾರದಲ್ಲಿ ಉತ್ತರಿಸುತ್ತಾನೆ, ಅವು ಅವನ ಮೇಜಿನ ಮೇಲೆಯೇ ಇರುತ್ತವೆ. ಉತ್ತರ ಬಂದರೆ ಕರಡು ಒಪ್ಪಂದವನ್ನು ಸಹಿಗೆ ಮುಂಚೆ ನನಗೂ ಕಳುಹಿಸಿ, ಸಾಲುಸಾಲಾಗಿ ಓದಿ ಹೇಳುತ್ತೇನೆ. ಅಷ್ಟರಲ್ಲಿ ಇದೇ ಸೋಮವಾರದಿಂದ ಗೇಟಿನ ಎಣಿಕೆ ಶುರುಮಾಡಿಸಿ, ವಾರದ ಏಳೂ ದಿನ ಸೇರುವಂತೆ. ಸಾಧ್ಯವಾದರೆ ಮೊದಲ ದಿನ ಆ ಕುರ್ಚಿಯಲ್ಲಿ ನೀವೇ ಕುಳಿತುಕೊಳ್ಳಿ.